ಎಲ್ಲ ಕೀಲುನೋವೂ ವಾತವಲ್ಲ

ಬಳೆಗಾರರು ಗಾಜಿನ ಬಳೆ ತೊಡಿಸುವಾಗ ಮೊದಲು ಕೈ ಹಿಡಿದು, ಬೆರಳ ಬುಡದ ಗೆಣ್ಣುಗಳನ್ನು ಎರಡೂ ಬದಿಯಿಂದ ಒತ್ತಿ ಅಂಗೈಯನ್ನು ಕಿರಿದು ಮಾಡುತ್ತಾರೆ. ಕೀಲುರೋಗದ ತಜ್ಞರು ಮಾಡುವ ಮೊದಲ ಪರೀಕ್ಷೆಗಳಲ್ಲಿ ಒಂದು ಹೆಚ್ಚುಕಡಿಮೆ ಇದೇ. ಗೆಣ್ಣುಗಳ ಸಾಲನ್ನು ಅಡ್ಡಲಾಗಿ ಹಿಡಿದು ಮೆಲ್ಲಗೆ ಒತ್ತುತ್ತಾರೆ. ಆರೋಗ್ಯವಂತರಿಗೆ ಅದು ಏನೂ ಅನ್ನಿಸುವುದಿಲ್ಲ. ರುಮಟಾಯ್ಡ್ ಆರ್ಥ್ರೈಟಿಸ್ ಶುರುವಾಗಿರುವವರು ನೋವಿಗೆ ಕೈ ಕಿತ್ತುಕೊಳ್ಳುತ್ತಾರೆ. ಹೋದ ವರ್ಷ ಸಲೀಸಾಗಿ ಏರಿದ ಅಳತೆಯ ಬಳೆ ಈ ವರ್ಷ ಏರದಿದ್ದರೆ, ಏರಿಸುವಾಗ ಕಣ್ಣಲ್ಲಿ ನೀರು ಬಂದರೆ, ಕೈ ದಪ್ಪಗಾಯಿತು ಎಂದು ಸುಮ್ಮನಾಗುವ ಮೊದಲು ಒಂದು ಗಳಿಗೆ ಯೋಚಿಸಬೇಕು.

ಈ ಕಾಯಿಲೆಯ ಸುಳಿವು ಆಸ್ಪತ್ರೆಗಿಂತ ಮೊದಲು ಅಡುಗೆಮನೆಯಲ್ಲಿ ಸಿಗುತ್ತದೆ. ಬೆಳಿಗ್ಗೆ ಎದ್ದಾಗ ಮುಷ್ಟಿ ಮಡಚಲಾಗುವುದಿಲ್ಲ. ಕುಕ್ಕರಿನ ಮುಚ್ಚಳ ತಿರುಗಿಸಲು, ಒದ್ದೆ ಬಟ್ಟೆ ಹಿಂಡಲು, ರೊಟ್ಟಿ ತಟ್ಟಲು, ಮುದ್ದೆ ತಿರುವಲು ಕೈಗೆ ಬಲ ಸಾಲುವುದಿಲ್ಲ. ಮಂಚದಿಂದಿಳಿದು ನೆಲಕ್ಕೆ ಕಾಲೂರಿದರೆ ಪಾದದ ಬೆರಳ ಬುಡದಲ್ಲಿ ಕಲ್ಲು ಒತ್ತಿದಂತಾಗುತ್ತದೆ. ಹತ್ತು ಗಂಟೆಯ ಹೊತ್ತಿಗೆ ಬಿಗಿತ ಸಡಿಲವಾಗಿ ಕೈಕಾಲು ಆಡುತ್ತವೆ. ಆಗ ನೋಡಿದವರಿಗೆ ಕಾಯಿಲೆಯ ಹೆಂಗಸು ಎಂದಿನಂತೆಯೇ ಕಾಣುತ್ತಾಳೆ. ಬೆಳಗಿನ ಆ ಎರಡು ಗಂಟೆಯ ಪಾಡನ್ನು ಕಂಡವರಿಲ್ಲ, ಹೇಳಿದರೆ ನಂಬುವವರೂ ಕಡಿಮೆ. ಶೀತ, ವಾತ, ವಯಸ್ಸು, ರಕ್ತ ಕಡಿಮೆ, ಕೆಲಸ ಜಾಸ್ತಿ ಎಂದು ಪಕ್ಕದ ಮನೆಯವರಿಂದ ಹಿಡಿದು ಮೆಡಿಕಲ್ ಅಂಗಡಿಯವರವರೆಗೆ ಎಲ್ಲರೂ ಒಂದೊಂದು ಕಾರಣ ಕೊಡುತ್ತಾರೆ.

ಕೀಲುಗಳನ್ನು ಹಿಡಿಯುವ ಕಾಯಿಲೆಗಳು ನೂರಕ್ಕೂ ಹೆಚ್ಚು. ಸವೆತದಿಂದ ಬರುವುದು ಬೇರೆ, ಹರಳು ಕಟ್ಟಿ ಬರುವುದು ಬೇರೆ, ಸೋಂಕಿನ ಬೆನ್ನಿಗೆ ಬರುವುದು ಬೇರೆ, ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಬರುವುದು ಬೇರೆ. ಇವನ್ನೆಲ್ಲ ಒಂದೇ ಗಂಟಿಗೆ ಕಟ್ಟುವುದು ನಮ್ಮ ಹಳೆಯ ವೈದ್ಯರ ಕ್ರಮವೂ ಆಗಿರಲಿಲ್ಲ. ಚರಕಸಂಹಿತೆ ವಾತರಕ್ತವೆಂಬ ಕೀಲುರೋಗಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಇಟ್ಟಿದೆ. ಸುಮಾರು 1300 ವರ್ಷಗಳ ಹಿಂದಿನ ಮಾಧವನಿದಾನ ಆಮವಾತವನ್ನು ಬೇರೆಯೇ ರೋಗವೆಂದು ವಿವರಿಸುತ್ತದೆ. ಅವರು ಬಿಡಿಸಿಟ್ಟದ್ದನ್ನು ನಾವು ಮಾತಿನಲ್ಲಿ ಮತ್ತೆ ಕಲಸಿಬಿಟ್ಟಿದ್ದೇವೆ. ಅದರ ಬೆಲೆಯನ್ನು ಮುಖ್ಯವಾಗಿ ಹೆಂಗಸರು ತೆರುತ್ತಿದ್ದಾರೆ. ರುಮಟಾಯ್ಡ್ ಆರ್ಥ್ರೈಟಿಸ್ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಶುರುವಾಗುವುದು ಮುಪ್ಪಿನಲ್ಲೇ ಎಂದೇನೂ ಇಲ್ಲ, ಮೂವತ್ತರಿಂದ ಐವತ್ತರ ನಡುವೆಯೇ ಬಹಳ ಜನರಿಗೆ ಬರುತ್ತದೆ. ಸರಿಯಾದ ಔಷಧಿ ಅತಿ ಹೆಚ್ಚು ಕೆಲಸ ಮಾಡುವುದು ನೋವು ಶುರುವಾದ ಮೊದಲ ಮೂರರಿಂದ ಆರು ತಿಂಗಳಲ್ಲಿ. ನಮ್ಮಲ್ಲಿ ಎಣ್ಣೆ ಹಚ್ಚಿ, ಶಾಖ ಕೊಟ್ಟು, ಪುಡಿ ನುಂಗಿ ಕಳೆಯುವುದು ಸರಿಯಾಗಿ ಅದೇ ತಿಂಗಳುಗಳನ್ನು.

ಪೊರೆ ಊದಿದಾಗ

ಎರಡು ಎಲುಬು ಸೇರುವೆಡೆಯಲ್ಲಿ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಕೀಲನ್ನು ಸುತ್ತುವ ಚೀಲದ ಒಳಮೈಗೆ ಒಂದು ತೆಳುವಾದ ಪೊರೆ. ಆರೋಗ್ಯದ ದಿನಗಳಲ್ಲಿ ಅದರ ದಪ್ಪ ಒಂದೆರಡು ಜೀವಕೋಶಗಳ ಸಾಲಿನಷ್ಟು ಮಾತ್ರ. ಕೀಲು ತಡೆಯಿಲ್ಲದೆ ಆಡಲು ಬೇಕಾದ ಜಿಗುಟು ದ್ರವವನ್ನು ಇದೇ ಒಸರುತ್ತದೆ. ರುಮಟಾಯ್ಡ್‌ನಲ್ಲಿ ರೋಗನಿರೋಧಕ ಕಣಗಳು ಈ ಪೊರೆಯೊಳಗೆ ಬಂದು ನೆಲೆಸುತ್ತವೆ. ಪೊರೆ ಊದುತ್ತದೆ, ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತದೆ, ಮೃದ್ವಸ್ಥಿಯ ಮೇಲೆ ಹರಡಿಕೊಂಡು ಅಂಚಿನಿಂದ ಎಲುಬನ್ನು ಕೊರೆಯತೊಡಗುತ್ತದೆ. ಈ ಕೊರೆತವನ್ನು ನಿಲ್ಲಿಸಬಹುದು, ಆದರೆ ಆಗಿಹೋದದ್ದನ್ನು ಮತ್ತೆ ತುಂಬಿಕೊಡುವ ಔಷಧಿ ಇಲ್ಲ. ಬೇಗ ಬನ್ನಿ ಎಂದು ವೈದ್ಯರು ಗೋಗರೆಯುವುದು ಇದಕ್ಕೇ.

ದೇಹ ತನ್ನದನ್ನೇ ಪರಕೀಯವೆಂದು ಬಗೆಯುವುದು ಯಾಕೆ? ವಂಶವಾಹಿಗಳ ಪಾಲಿದೆ, ಆದರೆ ಎಲ್ಲವೂ ಅವೇ ಅಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಇನ್ನೊಬ್ಬರಿಗೆ ಬರುವುದು ನೂರಕ್ಕೆ ಹದಿನೈದರ ಆಸುಪಾಸು. ಬೀಡಿ, ಸಿಗರೇಟಿನ ಹೊಗೆ ಶ್ವಾಸಕೋಶದ ಪ್ರೊಟೀನುಗಳಲ್ಲಿ ಸಣ್ಣ ರಾಸಾಯನಿಕ ಬದಲಾವಣೆ ತರುತ್ತದೆ. ದೀರ್ಘಕಾಲದ ವಸಡಿನ ಸೋಂಕೂ ಹಾಗೆಯೇ ಮಾಡಬಲ್ಲದು. ಹೀಗೆ ರೂಪ ಬದಲಾದ ಪ್ರೊಟೀನಿನ ವಿರುದ್ಧ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ್ಯಂಟಿ ಸಿಸಿಪಿ ಎಂಬ ರಕ್ತಪರೀಕ್ಷೆ ಹುಡುಕುವುದು ಇವನ್ನೇ. ಮೊದಲ ಗೆಣ್ಣು ಊದುವುದಕ್ಕೆ ವರ್ಷಗಳ ಮುಂಚೆಯೇ ಇವು ರಕ್ತದಲ್ಲಿ ಇರಬಹುದು. ಕಾಯಿಲೆ ಕೀಲಿನಲ್ಲೇ ನಿಲ್ಲುವುದೂ ಇಲ್ಲ. ರಕ್ತಹೀನತೆ, ಕಣ್ಣು ಬಾಯಿ ಒಣಗುವುದು, ಶ್ವಾಸಕೋಶ ಗಟ್ಟಿಯಾಗುವುದು, ಹೃದಯಾಘಾತದ ಅಪಾಯ ಹೆಚ್ಚುವುದು, ಹೀಗೆ ಮೈಯೆಲ್ಲ ಅದರ ಪಾಲಾಗುತ್ತದೆ. ದೆಹಲಿ ಸಮೀಪದ ಹಳ್ಳಿಗಳಲ್ಲಿ ನಡೆದ, 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ವಯಸ್ಕರಲ್ಲಿ ಶೇ 0.75 ಮಂದಿಗೆ ಈ ಕಾಯಿಲೆ ಇದೆ ಎಂದಿತ್ತು. ಅದೇ ಲೆಕ್ಕ ಹಿಡಿದರೆ ಕರ್ನಾಟಕದಲ್ಲಿ ಇಂಥವರು ಲಕ್ಷಗಟ್ಟಲೆ ಇದ್ದಾರೆ.

ಮಂಡಿ ಸವೆತ, ಅಂದರೆ ಆಸ್ಟಿಯೋ ಆರ್ಥ್ರೈಟಿಸ್, ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನರನ್ನು ಕಾಡುತ್ತದೆ. ಅದರ ನಡತೆಯೇ ಬೇರೆ. ಅಲ್ಲಿ ಬೆಳಗಿನ ಬಿಗಿತ ಹತ್ತು ಹದಿನೈದು ನಿಮಿಷಕ್ಕೆ ಹೋಗುತ್ತದೆ, ನಡೆದಷ್ಟೂ ನೋವು ಏರುತ್ತದೆ, ಕೂತರೆ ಇಳಿಯುತ್ತದೆ. ರುಮಟಾಯ್ಡ್‌ನಲ್ಲಿ ಬಿಗಿತ ಅರ್ಧ ಗಂಟೆ, ಒಂದು ಗಂಟೆ ದಾಟುತ್ತದೆ, ಕೂತಷ್ಟೂ ಮೈ ಬಿಗಿಯುತ್ತದೆ, ಆಡಿದರೆ ಸಡಿಲವಾಗುತ್ತದೆ. ಸವೆತ ಮಂಡಿಯನ್ನು, ಬೆರಳ ತುದಿಯ ಗೆಣ್ಣನ್ನು ಹಿಡಿದರೆ, ರುಮಟಾಯ್ಡ್ ಸಾಮಾನ್ಯವಾಗಿ ತುದಿಯ ಗೆಣ್ಣನ್ನು ಬಿಟ್ಟು ಬುಡದ್ದನ್ನೂ ನಡುವಿನದ್ದನ್ನೂ ಮಣಿಕಟ್ಟನ್ನೂ ಹಿಡಿಯುತ್ತದೆ, ಅದೂ ಎರಡೂ ಕೈಗಳಲ್ಲಿ. ಇಷ್ಟನ್ನು ಗಮನಿಸಲು ಯಾವ ಯಂತ್ರವೂ ಬೇಡ. ಮಂಡಿ ಸವೆತಕ್ಕೆ ತೂಕ ಇಳಿಸುವುದು, ತೊಡೆಯ ಮುಂಭಾಗದ ಸ್ನಾಯುಗಳಿಗೆ ದಿನವೂ ವ್ಯಾಯಾಮ ಕೊಡುವುದು ಯಾವ ಎಣ್ಣೆಗಿಂತಲೂ ದೊಡ್ಡ ಚಿಕಿತ್ಸೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ತೀರಾ ಹದಗೆಟ್ಟ ಮಂಡಿಗೆ ಬದಲಿ ಜೋಡಣೆಯ ಶಸ್ತ್ರಚಿಕಿತ್ಸೆ ಇದೆ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದ ಮೇಲೆ ಅದು ಮಧ್ಯಮ ವರ್ಗದ ಕೈಗೂ ತುಸು ಎಟುಕುವಂತಾಗಿದೆ.

ಬಾಣಂತಿ ಕೋಣೆಯಲ್ಲಿ

ನಮ್ಮ ಚಿಕ್ಕಮ್ಮನಿಗೆ ಎರಡನೆಯ ಹೆರಿಗೆಯಾದ ಮೇಲೆ ಬೆರಳು ಊದಿದವು. ಬಸುರಿನಲ್ಲಿ ಎಷ್ಟು ಲವಲವಿಕೆಯಿಂದ ಇದ್ದಳೋ ಬಾಣಂತನದಲ್ಲಿ ಅಷ್ಟೇ ನೆಲ ಹಿಡಿದಳು. ತಣ್ಣೀರು ಮುಟ್ಟಿದಳು, ಕಿವಿಗೆ ಬಟ್ಟೆ ಕಟ್ಟಲಿಲ್ಲ, ಪಥ್ಯ ಮೀರಿದಳು ಎಂದು ಮನೆಯ ಹಿರಿಯರು ತಪ್ಪನ್ನು ಅವಳ ತಲೆಗೇ ಕಟ್ಟಿದರು. ಮಗುವಿನ ಲಂಗೋಟಿ ಕಟ್ಟಲು ಬೆರಳು ಬಾರದೆ ಅಳುತ್ತಿದ್ದವಳನ್ನು ‘ಈಗಿನ ಕಾಲದ ಹುಡುಗಿಯರಿಗೆ ಶಕ್ತಿ ಇಲ್ಲ’ ಎಂದರು. ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ಅವಳ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿಕೊಂಡಿದ್ದವು. ಮತ್ತೆ ನೆಟ್ಟಗಾಗಲಿಲ್ಲ.

ಹೆರಿಗೆಯ ನಂತರದ ತಿಂಗಳುಗಳಲ್ಲಿ ರುಮಟಾಯ್ಡ್ ಶುರುವಾಗುವುದು, ಇದ್ದದ್ದು ಕೆರಳುವುದು ವೈದ್ಯಕೀಯಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಹೊಟ್ಟೆಯಲ್ಲಿನ ಮಗುವಿನ ಅರ್ಧ ಪಾಲು ತಂದೆಯದು, ಅಂದರೆ ತಾಯಿಯ ದೇಹಕ್ಕೆ ಹೊರಗಿನದು. ಅದನ್ನು ತಾಳಿಕೊಳ್ಳಲೆಂದು ಬಸುರಿನಲ್ಲಿ ರೋಗನಿರೋಧಕ ವ್ಯವಸ್ಥೆ ತನ್ನ ನಡೆಯನ್ನು ಬದಲಿಸಿಕೊಳ್ಳುತ್ತದೆ. ಬಹಳ ಮಂದಿ ರೋಗಿಗಳಿಗೆ ಆ ತಿಂಗಳುಗಳಲ್ಲಿ ನೋವು ತಗ್ಗುವುದು ಇದರಿಂದಲೇ. ಹೆರಿಗೆಯಾದ ಮೇಲೆ ಆ ತಾಳ್ಮೆ ಮುಗಿಯುತ್ತದೆ. ಇದರಲ್ಲಿ ತಣ್ಣೀರಿನ ಪಾತ್ರವಿಲ್ಲ, ಬಾಣಂತಿಯ ತಪ್ಪಂತೂ ಇಲ್ಲವೇ ಇಲ್ಲ. ಬಾಣಂತಿಯ ಕೈಬೆರಳು ಊದಿದರೆ ಅವಳನ್ನು ಬೈಯಬಾರದು, ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಬಸುರಿನಲ್ಲಿ ನೋವು ಇಳಿಯುವ ಇದೇ ಸಂಗತಿ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ದೊಡ್ಡ ಬಾಗಿಲನ್ನು ತೆರೆಯಿತು. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯ ಫಿಲಿಪ್ ಹೆಂಚ್ 1929ರಲ್ಲಿ ಒಬ್ಬ ರೋಗಿಗೆ ಕಾಮಾಲೆ ಬಂದಾಗ ಕೀಲುನೋವು ಮಾಯವಾದದ್ದನ್ನು ಗಮನಿಸಿದರು. ಮುಂದೆ ಬಸುರಿಯರಲ್ಲೂ ಅದನ್ನೇ ಕಂಡರು. ದೇಹವೇ ತಯಾರಿಸುವ ಯಾವುದೋ ವಸ್ತು ಈ ಕೆಲಸ ಮಾಡುತ್ತಿರಬೇಕು ಎಂದು ಊಹಿಸಿ ವರ್ಷಗಟ್ಟಲೆ ಅದರ ಬೆನ್ನು ಬಿದ್ದರು. ಅವರ ಸಹೋದ್ಯೋಗಿ ಎಡ್ವರ್ಡ್ ಕೆಂಡಾಲ್ ಮೂತ್ರಪಿಂಡದ ಮೇಲಿನ ಗ್ರಂಥಿಯಿಂದ ಬೇರ್ಪಡಿಸಿದ್ದ ಒಂದು ಹಾರ್ಮೋನನ್ನು 1948ರ ಸೆಪ್ಟೆಂಬರಿನಲ್ಲಿ 29ರ ಒಬ್ಬ ಹೆಂಗಸಿಗೆ ಚುಚ್ಚಿದರು. ಕಾಯಿಲೆಯಿಂದ ನಡೆಯಲಾರದ ಸ್ಥಿತಿಗೆ ಬಂದಿದ್ದ ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು, ಪೇಟೆಗೂ ಹೋಗಿ ಬಂದರು. ಅದು ಕಾರ್ಟಿಸೋನ್, ಅಂದರೆ ಸ್ಟೀರಾಯ್ಡ್. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ಆದರೆ ಔಷಧಿ ನಿಲ್ಲಿಸಿದರೆ ನೋವು ಮರಳುತ್ತಿತ್ತು, ಮುಂದುವರಿಸಿದರೆ ಮುಖ ಊದುವುದು, ಎಲುಬು ಸೊರಗುವುದು, ಸಕ್ಕರೆ ಏರುವುದು, ಮನಸ್ಸು ಕದಡುವುದು ಬೆನ್ನಿಗೇ ಬರುತ್ತಿತ್ತು. ಇಂದಿಗೂ ತಜ್ಞರು ಸ್ಟೀರಾಯ್ಡನ್ನು ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ, ಬೇರೆ ಔಷಧಿ ಹಿಡಿತ ಸಾಧಿಸುವವರೆಗೆ ಮಾತ್ರ ಕೊಡಲು ಬಯಸುತ್ತಾರೆ.

ಭೀಮವರಂನಿಂದ ಬಂದ ಮಾತ್ರೆ

ಆ ‘ಬೇರೆ ಔಷಧಿ’ಗಳಲ್ಲಿ ಮುಖ್ಯವಾದದ್ದು ಮೆಥೊಟ್ರೆಕ್ಸೇಟ್. ಅದರ ಹಿಂದೆ ನಮ್ಮ ನೆರೆರಾಜ್ಯದ ಒಬ್ಬ ವಿಜ್ಞಾನಿ ಇದ್ದಾರೆ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮದ್ರಾಸಿನಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದರು. ಲೆಡರ್ಲೆ ಕಂಪನಿಯಲ್ಲಿ ಅವರ ನೇತೃತ್ವದ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಆಮೇಲೆ ಅದರ ಕೆಲಸಕ್ಕೆ ಅಡ್ಡಬರುವ ರಾಸಾಯನಿಕಗಳನ್ನೂ ತಯಾರಿಸಿತು. ಅವುಗಳಲ್ಲೊಂದನ್ನು ಬಳಸಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ ಮಕ್ಕಳಲ್ಲಿ ಮೊದಲ ಬಾರಿಗೆ ಕಾಯಿಲೆಯನ್ನು ಹಿಮ್ಮೆಟ್ಟಿಸಿದರು. ಅದೇ ಬಳಗದ ಮೆಥೊಟ್ರೆಕ್ಸೇಟನ್ನು ಬಹಳ ಕಡಿಮೆ ಪ್ರಮಾಣದಲ್ಲಿ ವಾರಕ್ಕೊಮ್ಮೆ ಕೊಟ್ಟರೆ ರುಮಟಾಯ್ಡ್ ಹತೋಟಿಗೆ ಬರುತ್ತದೆ ಎಂಬುದು ಮುಂದೆ ಖಚಿತವಾಯಿತು. 1988ರಲ್ಲಿ ಅಮೆರಿಕ ಅದಕ್ಕೆ ಅಧಿಕೃತ ಒಪ್ಪಿಗೆ ಕೊಟ್ಟಿತು. ಸುಬ್ಬರಾವ್ 1948ರಲ್ಲೇ ತೀರಿಕೊಂಡಿದ್ದರು. ಬೆರಳು ಸೊಟ್ಟಗಾಗದೆ ಉಳಿದ ಎಷ್ಟೋ ಹೆಂಗಸರಿಗೆ ಅವರ ಹೆಸರು ಗೊತ್ತಿಲ್ಲ. ಗೊತ್ತಾಗಬೇಕು ಎಂಬುದು ನನ್ನ ಆಸೆ.

‘ಕ್ಯಾನ್ಸರ್ ಮಾತ್ರೆ’ ಎಂದು ಇದನ್ನು ಹೆದರಿ ಬಿಡುವವರು ತುಂಬ ಇದ್ದಾರೆ. ಕ್ಯಾನ್ಸರಿಗೆ ಕೊಡುವ ಪ್ರಮಾಣ ಎಷ್ಟೋ ಪಟ್ಟು ದೊಡ್ಡದು. ಕೀಲುರೋಗಕ್ಕೆ ಕೊಡುವುದು ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ, ಜೊತೆಗೆ ಫೋಲಿಕ್ ಆಮ್ಲದ ಮಾತ್ರೆ. ಅಗ್ಗವೂ ಹೌದು. ಆದರೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು: ಇದು ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ. ಚೀಟಿ ತಪ್ಪಾಗಿ ಓದಿ, ನೋವು ಬೇಗ ಹೋಗಲಿ ಎಂದು ದಿನವೂ ನುಂಗಿ ಬಾಯಿಯೆಲ್ಲ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣ ಕಳೆದುಕೊಂಡವರಿದ್ದಾರೆ. ವಾರದ ಯಾವ ದಿನ ಎಂದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಮಗು ಬೇಕೆನ್ನುವ ಹೆಂಗಸರು ತಿಂಗಳುಗಳ ಮೊದಲೇ ವೈದ್ಯರಿಗೆ ಹೇಳಿ ಇದನ್ನು ನಿಲ್ಲಿಸಿ, ಬಸುರಿಗೆ ಹೊಂದುವ ಔಷಧಿಗೆ ಬದಲಾಗಬೇಕು. ಯಕೃತ್ತು, ರಕ್ತಕಣಗಳ ಪರೀಕ್ಷೆಯನ್ನು ಹೇಳಿದ ಕಾಲಕ್ಕೆ ಮಾಡಿಸಬೇಕು. ಕುಡಿತ ಬಿಡಬೇಕು.

ಇದಕ್ಕೂ ಬಗ್ಗದ ಕಾಯಿಲೆಗೆ ಜೈವಿಕ ಔಷಧಿಗಳಿವೆ. ಊತವನ್ನು ಹಬ್ಬಿಸುವ ಟಿಎನ್‌ಎಫ್ ಎಂಬ ಪ್ರೊಟೀನನ್ನು ತಡೆದರೆ ಸಾಕು, ಉರಿಯೂತದ ಇಡೀ ಸರಪಣಿಯೇ ಕಳಚುತ್ತದೆ ಎಂದು ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಅವರ ಜೊತೆ ಸೇರಿ ತೋರಿಸಿಕೊಟ್ಟವರು ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ. ಅವರ ಮೊದಲ ಪ್ರಯೋಗ 1992ರಲ್ಲಿ. ಈ ಗುಂಪಿನ ಅಡಾಲಿಮುಮ್ಯಾಬ್ ಚುಚ್ಚುಮದ್ದಿನ ತದ್ರೂಪನ್ನು ಜಗತ್ತಿನಲ್ಲೇ ಮೊದಲಿಗೆ ಮಾರುಕಟ್ಟೆಗೆ ತಂದದ್ದು ಅಹಮದಾಬಾದಿನ ಝೈಡಸ್, 2014ರಲ್ಲಿ. ಬೆಲೆ ಇಳಿಯಿತು, ಆದರೂ ಬಡವರಿಗೆ ಇನ್ನೂ ಭಾರವೇ. ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರವೂ ಬೇಕು. ಟಿಎನ್‌ಎಫ್ ದೇಹದಲ್ಲಿ ಸುಮ್ಮನೆ ಮಲಗಿರುವ ಕ್ಷಯದ ರೋಗಾಣುಗಳನ್ನು ಕಟ್ಟಿಹಾಕಿ ಇಡುತ್ತದೆ, ಅದನ್ನು ತಡೆದರೆ ಕ್ಷಯ ಎದ್ದು ಕೂರಬಹುದು. ಅದಕ್ಕೇ ಚುಚ್ಚುಮದ್ದಿನ ಮೊದಲು ಕ್ಷಯದ ತಪಾಸಣೆ ಕಡ್ಡಾಯ.

ಹೆಸರಿಲ್ಲದ ಪುಡಿ, ಹೆಸರಿರುವ ಮಾತ್ರೆ

ಸಂತೆಯಲ್ಲಿ, ಜಾತ್ರೆಯಲ್ಲಿ, ಬಸ್ ನಿಲ್ದಾಣದ ಬದಿಯಲ್ಲಿ ಸಿಗುವ ಚೀಟಿಯಿಲ್ಲದ ಕಪ್ಪು ಗುಳಿಗೆ, ಕಂದು ಪುಡಿಗಳ ಬಗ್ಗೆ ಕಟುವಾಗಿಯೇ ಹೇಳಬೇಕು. ಇವನ್ನು ತಿಂದವರು ಎರಡೇ ದಿನದಲ್ಲಿ ಎದ್ದು ಓಡಾಡುತ್ತಾರೆ. ಮಾರುವವರು ಅದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಇಂಥ ಪುಡಿಗಳನ್ನು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದಾಗ ಮತ್ತೆ ಮತ್ತೆ ಸಿಕ್ಕಿರುವುದು ಸ್ಟೀರಾಯ್ಡ್. ಎರಡು ದಿನದ ಆ ಪವಾಡ ಹೆಂಚ್ ಅವರು 1948ರಲ್ಲಿ ಕಂಡ ಪವಾಡವೇ, ಅದರ ಬೆನ್ನಿಗೆ ಬರುವ ಕೇಡೂ ಅದೇ. ಮುಖ ದುಂಡಗಾಗಿ ಊದುತ್ತದೆ, ಚರ್ಮ ತೆಳ್ಳಗಾಗಿ ನೀಲಿಗಟ್ಟುತ್ತದೆ, ಬೆನ್ನೆಲುಬು ಕುಸಿಯುತ್ತದೆ. ಒಳಗೆ ಊತ ಅಡಗಿದಂತೆ ಕಂಡರೂ ಕೊರೆತ ನಿಂತಿರುವುದಿಲ್ಲ. ಪುಡಿ ತಿಂದು ಗುಣವಾಗಲಿಲ್ಲ ಎಂದು ದಿಢೀರನೆ ನಿಲ್ಲಿಸುವುದೂ ಅಪಾಯ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಸಿಕ್ಕ ದೇಹ ತನ್ನದನ್ನು ತಯಾರಿಸುವುದನ್ನೇ ಬಿಟ್ಟಿರುತ್ತದೆ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಇಂಥದ್ದನ್ನು ತಿನ್ನುತ್ತಿರುವವರು ನಾಚಿಕೆಪಡದೆ ವೈದ್ಯರಿಗೆ ಹೇಳಬೇಕು. ಬೈಗುಳದ ಭಯಕ್ಕೆ ಮುಚ್ಚಿಟ್ಟರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ನೋವಿನ ಮಾತ್ರೆಗಳ ಕಥೆ ಇನ್ನೊಂದು. ಡೈಕ್ಲೊಫೆನಾಕ್ ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಸಾಕು, ಕೊಟ್ಟುಬಿಡುತ್ತಾರೆ. ಅದು ನೋವನ್ನು ಇಳಿಸುತ್ತದೆ, ಕಾಯಿಲೆಯನ್ನಲ್ಲ. ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರಬಹುದು, ಮೂತ್ರಪಿಂಡ ಸೋಲಬಹುದು, ಹೃದಯಕ್ಕೂ ಕೇಡು. ರಾಮನಗರದ ಬೆಟ್ಟಗಳಲ್ಲಿ ರಣಹದ್ದು ನೋಡಲು ಹೋದವರಿಗೆ ಈ ಮಾತ್ರೆಯ ಇನ್ನೊಂದು ಮುಖ ಗೊತ್ತಿರುತ್ತದೆ. ದನಗಳ ಕೀಲುನೋವಿಗೆ, ಊತಕ್ಕೆ ಇದನ್ನೇ ಕೊಡುತ್ತಿದ್ದರು. ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ರಾಶಿ ರಾಶಿಯಾಗಿ ಸತ್ತವು. ಕಾರಣ ಇದೇ ಎಂಬ ಸಂಶೋಧನೆ 2004ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ದೇಶದ ಕೆಲವು ಜಾತಿಯ ರಣಹದ್ದುಗಳಲ್ಲಿ ಶೇ 95ಕ್ಕೂ ಹೆಚ್ಚು ಅಳಿದಿದ್ದವು. 2006ರಲ್ಲಿ ಪಶುಗಳಿಗೆ ಈ ಔಷಧಿ ಕೊಡುವುದನ್ನು ಕೇಂದ್ರ ನಿಷೇಧಿಸಿತು. 2012ರಲ್ಲಿ ರಾಮದೇವರ ಬೆಟ್ಟ ರಣಹದ್ದು ಧಾಮವಾಯಿತು. ಮನುಷ್ಯರ ಮೂತ್ರಪಿಂಡ ಹದ್ದಿನದಕ್ಕಿಂತ ಗಟ್ಟಿ, ನಿಜ. ಆದರೆ ವರ್ಷಗಟ್ಟಲೆ, ಯಾರನ್ನೂ ಕೇಳದೆ, ಸಕ್ಕರೆ ಕಾಯಿಲೆಯನ್ನೂ ಜೊತೆಗಿಟ್ಟುಕೊಂಡು ನುಂಗುವವರ ಮೂತ್ರಪಿಂಡ ಅಷ್ಟು ಗಟ್ಟಿಯಲ್ಲ.

ಪಥ್ಯದ ಬಗ್ಗೆಯೂ ಒಂದು ಮಾತು. ಹುಳಿ ಬೇಡ, ಮೊಸರು ಬೇಡ, ಟೊಮೆಟೊ, ಬದನೆ, ಬೇಳೆ, ಆಲೂಗಡ್ಡೆ ಬೇಡ ಎಂದು ಬಿಡಿಸುತ್ತಾ ಹೋಗಿ ಕೊನೆಗೆ ಗಂಜಿ, ಉಪ್ಪಿಗೆ ಬಂದು ನಿಂತ ರೋಗಿಗಳಿದ್ದಾರೆ. ರುಮಟಾಯ್ಡ್‌ಗೆ ಇಂಥ ನಿಷೇಧಗಳಿಂದ ಗುಣವಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಕಾಯಿಲೆಯಿಂದ ಮೊದಲೇ ರಕ್ತ ಕಡಿಮೆಯಾಗಿ, ಸ್ನಾಯು ಕರಗುತ್ತಿರುವ ಹೆಂಗಸಿಗೆ ಬೇಳೆ, ಮೊಸರು, ಮೊಟ್ಟೆ ತಪ್ಪಿಸುವುದು ಅನ್ಯಾಯ.

ಹೊರೆ ಬೇರೆ, ಹೆಸರು ಬೇರೆ

ಪಥ್ಯ ನಿಜಕ್ಕೂ ಲೆಕ್ಕಕ್ಕೆ ಬರುವುದು ಗೌಟಿನಲ್ಲಿ. ರಕ್ತದಲ್ಲಿ ಯೂರಿಕ್ ಆಮ್ಲ ಮಿತಿ ಮೀರಿದಾಗ ಅದು ಸೂಜಿಯಂಥ ಹರಳಾಗಿ ಕೀಲಿನೊಳಗೆ ಕೂರುತ್ತದೆ. ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ ಹೊದಿಕೆ ತಾಕಿದರೂ ಚೀರುವಂತಾಗುತ್ತದೆ. ಇದು ಗಂಡಸರಲ್ಲಿ ಹೆಚ್ಚು. ಬಿಯರ್, ಮಾಂಸ, ಸಿಹಿ ಪಾನೀಯ ಕಡಿಮೆ ಮಾಡಬೇಕು, ಯೂರಿಕ್ ಆಮ್ಲವನ್ನು ಆರಕ್ಕಿಂತ ಕೆಳಗಿಡುವ ಮಾತ್ರೆಯನ್ನು ಬಿಡದೆ ತೆಗೆದುಕೊಳ್ಳಬೇಕು. ಇಪ್ಪತ್ತರ ಹರೆಯದ ಹುಡುಗನಿಗೆ ಬೆಳಗಿನ ಜಾವ ಬೆನ್ನು, ಪೃಷ್ಠ ನೋಯುತ್ತಾ, ಎದ್ದು ನಡೆದಾಡಿದರೆ ಹಗುರಾಗುತ್ತಿದ್ದರೆ ಅದು ಡಿಸ್ಕಿನ ನೋವಲ್ಲದೆ ಆ್ಯಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಇದನ್ನು ಗುರುತಿಸುವಲ್ಲಿ ವರ್ಷಗಳೇ ಕಳೆದುಹೋಗುತ್ತವೆ, ಅಷ್ಟರಲ್ಲಿ ಬೆನ್ನೆಲುಬಿನ ಮಣಿಗಳು ಬೆಸೆದುಕೊಳ್ಳುತ್ತವೆ. ಬಿಸಿಲಿಗೆ ಹೋದರೆ ಕೆನ್ನೆ ಕೆಂಪೇರಿ, ಕೂದಲು ಉದುರಿ, ಕೀಲು ನೋಯುವ ಹುಡುಗಿಗೆ ಲೂಪಸ್ ಇರಬಹುದು. ಹತ್ತು ಮಂದಿ ಲೂಪಸ್ ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರು. ಅವರ ಮೂತ್ರದಲ್ಲಿ ಪ್ರೊಟೀನ್ ಹೋಗುತ್ತಿದೆಯೇ ಎಂದು ನೋಡಲೇಬೇಕು, ಮೂತ್ರಪಿಂಡವನ್ನು ಕಾಯಿಲೆ ಸದ್ದಿಲ್ಲದೆ ತಿನ್ನುತ್ತದೆ. ಮಕ್ಕಳಿಗೂ ಆರ್ಥ್ರೈಟಿಸ್ ಬರುತ್ತದೆ ಎಂಬುದು ಎಷ್ಟೋ ತಂದೆತಾಯಿಗೆ ಗೊತ್ತಿಲ್ಲ. ಮಂಡಿ ಊದಿ ಆರು ವಾರವಾದರೂ ಇಳಿಯದ ಮಗುವಿಗೆ ಕಣ್ಣಿನ ಪರೀಕ್ಷೆಯನ್ನೂ ಮಾಡಿಸಬೇಕಾಗುತ್ತದೆ.

2006ರಲ್ಲಿ ಕರ್ನಾಟಕದ ಊರೂರುಗಳು ಕೀಲು ಹಿಡಿದು ಕೂತಿದ್ದನ್ನು ಮರೆತವರುಂಟೇ? ಚಿಕೂನ್‌ಗುನ್ಯಾ ಆ ವರ್ಷ ದೇಶದಲ್ಲೇ ಅತಿ ಹೆಚ್ಚಾಗಿ ನಮ್ಮ ರಾಜ್ಯವನ್ನು ಕಾಡಿತು. ಶಂಕಿತ ಪ್ರಕರಣಗಳೇ ಏಳು ಲಕ್ಷ ದಾಟಿದವು. ಮೂರು ದಿನದ ಜ್ವರ ಹೋಯಿತು, ನೋವು ಕೆಲವರಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯಿತು. ಅಂದಿನಿಂದ ನಮ್ಮಲ್ಲಿ ಹೊಸದೊಂದು ಅಭ್ಯಾಸ ಬೆಳೆದಿದೆ. ಯಾವ ಕೀಲುನೋವಿಗೂ ‘ಆಗ ಚಿಕೂನ್‌ಗುನ್ಯಾ ಬಂದಿತ್ತಲ್ಲ’ ಎಂದು ಸುಮ್ಮನಾಗುತ್ತೇವೆ. ವೈರಸ್ಸಿನ ನೋವು ಸಾಮಾನ್ಯವಾಗಿ ಇಳಿಯುತ್ತಾ ಹೋಗುತ್ತದೆ. ಏರುತ್ತಾ ಹೋದರೆ, ಊತ ಉಳಿದರೆ, ಅದನ್ನು ಮತ್ತೆ ಪರೀಕ್ಷಿಸಬೇಕು.

ಸಾಗರ ತಾಲ್ಲೂಕಿನ ಹಂದಿಗೋಡಿನ ವಿಷಯ ಇದಕ್ಕಿಂತ ಆಳದ ಸಂಕಟ. 1970ರ ದಶಕದ ನಡುಭಾಗದಲ್ಲಿ ಅಲ್ಲಿನ ಬಡ ಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿ ನೋಯುತ್ತಾ ಕಾಲು ಸೊಟ್ಟಗಾಗುವ, ಕೆಲವರು ಕುಳ್ಳಾಗಿಯೇ ಉಳಿಯುವ ಕಾಯಿಲೆ ಹೊರಜಗತ್ತಿನ ಕಣ್ಣಿಗೆ ಬಿತ್ತು. ಬಲಿಯಾದವರು ಬಹುತೇಕ ಚಾನಂಗಿ ಮತ್ತು ಚಲವಾದಿ ಸಮುದಾಯದವರು, ದಲಿತರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿದರು. 1977ರ ವರದಿಯಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿರೋಗವೆಂದು ದಾಖಲಿಸಿದರು. ಗದ್ದೆಯ ಏಡಿ ತಿಂದದ್ದಕ್ಕೆ, ಏಡಿಯೊಳಗಿನ ಕೀಟನಾಶಕಕ್ಕೆ ಹೀಗಾಯಿತು ಎಂಬ ಶಂಕೆ ಬಹಳ ಕಾಲ ಹರಿದಾಡಿತು. ಮುಂದಿನ ಅಧ್ಯಯನಗಳು ಇದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿಯುವ, ಎಲುಬು ಮತ್ತು ಮೃದ್ವಸ್ಥಿಯ ಬೆಳವಣಿಗೆಯ ದೋಷ ಎಂದು ತೋರಿಸಿದವು. ರೋಗನಿರೋಧಕ ವ್ಯವಸ್ಥೆಯ ತಪ್ಪಲ್ಲ, ಸೋಂಕಲ್ಲ, ಹರಡುವುದೂ ಇಲ್ಲ. ಆದರೂ ಆ ಕುಟುಂಬಗಳು ಹೆಣ್ಣು ಗಂಡು ತರುವುದರಿಂದ ಹಿಡಿದು ಕೂಲಿ ಹುಡುಕುವವರೆಗೆ ಅನುಮಾನದ ಕಣ್ಣುಗಳನ್ನು ಎದುರಿಸಬೇಕಾಯಿತು. ಮೆಥೊಟ್ರೆಕ್ಸೇಟ್ ಅವರಿಗೆ ಉಪಯೋಗವಿಲ್ಲ. ಅವರಿಗೆ ಬೇಕಾದದ್ದು ಸೊಂಟದ ಬದಲಿ ಕೀಲು, ಊರುಗೋಲು, ಪಿಂಚಣಿ, ಕೂತು ಮಾಡುವ ಕೆಲಸ, ವಂಶವಾಹಿ ಸಲಹೆ. ನೋವಿಗೆ ಸರಿಯಾದ ಹೆಸರು ಬೇಕು ಎನ್ನುವುದು ಇದಕ್ಕೇ. ಹೆಸರು ಬದಲಾದರೆ ಸಮಾಜ ಮತ್ತು ಸರ್ಕಾರ ಕೊಡಬೇಕಾದದ್ದೂ ಬದಲಾಗುತ್ತದೆ.

ಯಾರ ಬಳಿ ಹೋಗುವುದು?

ಕೀಲುರೋಗದ ತಜ್ಞರು, ಅಂದರೆ ರುಮಟಾಲಜಿಸ್ಟ್‌ಗಳು ನಮ್ಮಲ್ಲಿ ಕಡಿಮೆ, ಇರುವವರೂ ದೊಡ್ಡ ನಗರಗಳಲ್ಲೇ ಹೆಚ್ಚು. ಬೀದರಿನಿಂದ, ಚಾಮರಾಜನಗರದ ಕಾಡಂಚಿನ ಊರಿನಿಂದ ಕೂಲಿ ಬಿಟ್ಟು ಬೆಂಗಳೂರಿಗೆ ಬಂದು ಹೋಗುವುದು ಹೇಳಿದಷ್ಟು ಸುಲಭವಲ್ಲ. ಜಿಲ್ಲಾಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಕೀಲುರೋಗದ ಪ್ರತ್ಯೇಕ ಹೊರರೋಗಿ ವಿಭಾಗ ನಡೆಯಬೇಕು, ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್ ಅಲ್ಲಿ ತಪ್ಪದೆ ಸಿಗಬೇಕು. ಇವು ದುಬಾರಿ ಔಷಧಿಗಳಲ್ಲ, ಬೇಕಿರುವುದು ಮನಸ್ಸು. ಅಲ್ಲಿಯವರೆಗೆ ಹತ್ತಿರದ ಎಂ.ಡಿ. ವೈದ್ಯರೇ ಮೊದಲ ಮೆಟ್ಟಿಲು. ಅವರು ಕೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಬೇಕು ಎಂದು ನೀವೇ ಕೇಳಿ. ಬರಿಯ ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆಯ ಚೀಟಿ ನೋಡಿ ಹೆದರುವುದೂ ಬೇಡ, ನಿರಾಳವಾಗುವುದೂ ಬೇಡ. ಕಾಯಿಲೆಯಿಲ್ಲದ ಮುದುಕರಲ್ಲೂ, ಬೇರೆ ಸೋಂಕುಗಳಲ್ಲೂ ಅದು ಪಾಸಿಟಿವ್ ಬರಬಹುದು. ಕಾಯಿಲೆ ಇರುವ ನೂರರಲ್ಲಿ ಇಪ್ಪತ್ತು ಮೂವತ್ತು ಮಂದಿಗೆ ನೆಗೆಟಿವ್ ಬರುತ್ತದೆ. ಊದಿದ ಕೀಲು ಮೊದಲ ಸಾಕ್ಷಿ, ರಕ್ತದ ಚೀಟಿ ಎರಡನೆಯದು.

ಈ ಭಾನುವಾರ ಮನೆಯಲ್ಲಿ ಅಮ್ಮನ, ಹೆಂಡತಿಯ, ಅಕ್ಕನ, ಸೊಸೆಯ ಕೈ ಹಿಡಿದು ನೋಡಿ. ಬೆಳಿಗ್ಗೆ ಮುಷ್ಟಿ ಬಿಗಿಯಲು ಎಷ್ಟು ಹೊತ್ತು ಬೇಕು ಎಂದು ಕೇಳಿ. ಅರ್ಧ ಗಂಟೆ ಮೀರಿದ ಬಿಗಿತ, ಎರಡೂ ಕೈಯ ಗೆಣ್ಣುಗಳ ಊತ ಆರು ವಾರ ದಾಟಿದ್ದರೆ ಇನ್ನೊಂದು ಎಣ್ಣೆ ತರಬೇಡಿ, ಇದೇ ವಾರ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಔಷಧಿ ಶುರುವಾದ ಮೇಲೆ ಅದು ಪರಿಣಾಮ ತೋರಲು ಆರರಿಂದ ಹನ್ನೆರಡು ವಾರ ಬೇಕು, ಅಲ್ಲಿಯವರೆಗೆ ಅವರ ಪಾಲಿನ ಬಟ್ಟೆಯನ್ನು ನೀವು ಹಿಂಡಿ.